ಹಲ್ಲಣ್ಣ ಮನೆ ಮಾರಿದ್ದು

ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ಹಲ್ಲಣ್ಣ ಎಂದು. ಕೇಳಿದವರು ಮೊದಲು ಅವನ ಬಾಯಿ ನೋಡುತ್ತಿದ್ದರು. ಬಾಯಿಯಲ್ಲಿ ವಿಶೇಷವೇನೂ ಇರಲಿಲ್ಲ. ಅವನು ಹಲ್ಲಿನ ಸೆಟ್ಟು ಮಾಡುವವನು, ಅಷ್ಟೆ.

ಪೇಟೆಯ ನಡುವೆ ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕು. ಅದರ ಹಿಂಬದಿಯಲ್ಲಿ ಒಂದು ಕಿಟಕಿ, ಒಂದು ಸಿಂಕು, ಉದ್ದನೆಯ ಒಂದು ಮೇಜು ಇರುವ ಕೋಣೆಯಲ್ಲಿ ಅವನ ಕೆಲಸ. ಡಾಕ್ಟರಮ್ಮ ಮುಂದಿನ ಕೋಣೆಯಲ್ಲಿ ಜನರ ಬಾಯಿಯ ಅಚ್ಚು ತೆಗೆದು ಒಳಗೆ ಕಳಿಸಿದರೆ, ಇವನು ಅದಕ್ಕೆ ಪ್ಲಾಸ್ಟರ್ ಹೊಯ್ದು ದವಡೆ ಮಾಡಿಕೊಳ್ಳುತ್ತಿದ್ದ. ದವಡೆಯ ಮೇಲೆ ಮೇಣ ಹಾಕಿ, ಮೇಣದಲ್ಲಿ ಒಂದೊಂದಾಗಿ ಹಲ್ಲು ಕೂರಿಸಿ, ಕೊನೆಗೆ ಮೋಟರಿಗೆ ಹಿಡಿದು ಉಜ್ಜಿ ಹೊಳಪು ಕೊಡುತ್ತಿದ್ದ. ಕೂದಲೆಳೆಯಷ್ಟು ಎತ್ತರವಾದರೂ ಹಾಕಿಕೊಂಡವರು ಊಟ ಬಿಟ್ಟು ಬೈಯುವ ಕೆಲಸ ಅದು. ತಿಂಗಳ ಸಂಬಳ ಎಂದು ಇರಲಿಲ್ಲ, ಸೆಟ್ಟಿಗಿಷ್ಟು ಎಂದು ಮಾತು. ಊರಿನಲ್ಲಿ ಹೆಚ್ಚು ಜನರ ಹಲ್ಲು ಉದುರಿದ ತಿಂಗಳು ನಮ್ಮ ಭಾವಮೈದನ ಮನೆಯಲ್ಲಿ ಸುಖ ಎಂದು ಅವನ ಅಕ್ಕನ ಗಂಡ ತಮಾಷೆ ಮಾಡುತ್ತಿದ್ದರು.

ಮದುವೆಯಾದ ಹೊಸತರಲ್ಲಿ ಇಬ್ಬರೂ ದುಡಿಯುತ್ತಿದ್ದರು. ಹೆಂಡತಿ ಶಾಲೆ ಮಕ್ಕಳ ಯೂನಿಫಾರ್ಮ್ ಮಾರುವ ಅಂಗಡಿಯಲ್ಲಿ ಗಲ್ಲಾದ ಮೇಲೆ ಕೂರುತ್ತಿದ್ದಳು. ತಿಂಗಳ ಕೊನೆಗೆ ಒಂದಿಷ್ಟು ಉಳಿಯುತ್ತಿತ್ತು. ಉಳಿದದ್ದು ಕಣ್ಣಿಗೆ ಬಿದ್ದ ಮೇಲೆ ಆಸೆ ಹುಟ್ಟದಿರುತ್ತದೆಯೇ? ಊರ ಹೊರಗೆ ಹೊಸದಾಗಿ ಎದ್ದ ಕಟ್ಟಡದ ಮೂರನೇ ಮಹಡಿಯಲ್ಲಿ ಒಂದು ಮನೆ ನೋಡಿದರು. ಬ್ಯಾಂಕಿನವರು ಸಾಲಕ್ಕೆ ಒಪ್ಪಿದರು. ಮುಂಗಡಕ್ಕೆ ಕಡಿಮೆ ಬಿದ್ದದ್ದನ್ನು ಅಮ್ಮ ಕೊಟ್ಟಳು. ಅಪ್ಪ ತೀರಿಕೊಂಡಾಗ ಕಾರ್ಖಾನೆಯವರು ಕೊಟ್ಟ ಹಣ ಅದು. ಅವಳು ಮಗಳು ಅಳಿಯನ ಮನೆಯಲ್ಲಿದ್ದಳು. ಕೇಳಿದ ಕೂಡಲೇ ಎತ್ತಿ ಕೊಟ್ಟುಬಿಟ್ಟಳು. ಬೀಗದ ಕೈ ಸಿಕ್ಕ ದಿನ ಗಂಡ ಹೆಂಡತಿ ಖಾಲಿ ಬಾಲ್ಕನಿಯಲ್ಲಿ ನಿಂತು, ಎದುರಿನ ನೀರಿನ ಟ್ಯಾಂಕನ್ನೇ ಬೆಟ್ಟ ನೋಡಿದ ಹಾಗೆ ನೋಡಿದರು.

ಸಾಲ ಕೊಡುವಾಗ ಬ್ಯಾಂಕಿನವರು ನೂರೆಂಟು ಪ್ರಶ್ನೆ ಕೇಳಿದ್ದರು. ಮಕ್ಕಳಾದರೆ ಏನು ಮಾಡುತ್ತೀರಿ ಎಂದು ಮಾತ್ರ ಕೇಳಿರಲಿಲ್ಲ. ಇವರೂ ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ.

ಮಗಳು ಪುಟ್ಟಿ ಹುಟ್ಟಿದಾಗ ಹೇಗೋ ನಡೆಯಿತು. ಪಕ್ಕದ ಕಟ್ಟಡದಲ್ಲಿ ಒಬ್ಬಾಕೆ ಬೇಬಿ ಸಿಟ್ಟಿಂಗ್ ನಡೆಸುತ್ತಿದ್ದಳು, ಅಲ್ಲಿ ಬಿಟ್ಟು ಹೆಂಡತಿ ಅಂಗಡಿಗೆ ಹೋಗುತ್ತಿದ್ದಳು. ಮಗ ಗುಂಡ ಹುಟ್ಟಿದ ಮೇಲೆ ಇಬ್ಬರನ್ನು ಬಿಡಬೇಕಾಯಿತು. ಎರಡು ಮಕ್ಕಳ ಹಣ, ಅದರ ಮೇಲೆ ಬಸ್ಸಿನ ಖರ್ಚು ಸೇರಿಸಿದರೆ ಅವಳ ಸಂಬಳ ಕೈಗೆ ಬಂದ ದಿನವೇ ಬೇರೆಯವರ ಕೈ ಸೇರುತ್ತಿತ್ತು. "ಬೇರೆಯವರಿಗೆ ದುಡಿದು ಕೊಡೋಕೆ ನಾನ್ಯಾಕೆ ಬಸ್ಸಲ್ಲಿ ಜೋತಾಡ್ಲಿ?" ಎಂದು ಅವಳು ಕೆಲಸ ಬಿಟ್ಟಳು. ಕಂತು ಮಾತ್ರ ಯಾರಿಗೂ ಕಾಯಲಿಲ್ಲ.

ಹಲ್ಲಣ್ಣ ಇನ್ನೆರಡು ಕ್ಲಿನಿಕ್ಕುಗಳ ಕೆಲಸ ಹಿಡಿದ. ಮನೆಯಿಂದ ಪೇಟೆಗೆ ಎರಡು ಬಸ್ಸು ಬದಲಿಸಬೇಕು. ಹೊರಡುವಾಗ ಮಕ್ಕಳು ಮಲಗಿರುತ್ತಿದ್ದವು, ಬರುವಾಗಲೂ ಮಲಗಿರುತ್ತಿದ್ದವು. ಒಂದು ದಿನ ಶಾಲೆಯಲ್ಲಿ ಟೀಚರು ಮಗಳನ್ನು ಕೇಳಿದರಂತೆ, "ನಿಮ್ಮಪ್ಪ ಏನ್ ಕೆಲಸ ಮಾಡ್ತಾರೆ ಪುಟ್ಟಿ?" ಅವಳು ಯೋಚಿಸಿ, "ಬಸ್ಸಲ್ಲಿ ಹೋಗ್ತಾರೆ, ಬಸ್ಸಲ್ಲಿ ಬರ್ತಾರೆ" ಅಂದಳಂತೆ. ಟೀಚರು ಅವನನ್ನು ಕಂಡಕ್ಟರ್ ಎಂದೇ ತಿಳಿದರು. ಹೆಂಡತಿ ಇದನ್ನು ನಗುತ್ತಾ ಹೇಳಿದಳು. ಅವನೂ ನಕ್ಕ, ಮಲಗಿದ್ದ ಮಗಳ ಹೊದಿಕೆ ಸರಿಮಾಡಿದ.

ಹೀಗಿರುವಾಗ ಕೆಲಸದಲ್ಲಿ ಒಂದು ಎಡವಟ್ಟಾಯಿತು. ನಿವೃತ್ತ ಮೇಷ್ಟ್ರೊಬ್ಬರ ದವಡೆಯೂ ಒಬ್ಬ ಮುದುಕಿಯ ದವಡೆಯೂ ಮೇಜಿನ ಮೇಲೆ ಅಕ್ಕಪಕ್ಕ ಒಣಗುತ್ತಿದ್ದವು. ನಿದ್ದೆಗಣ್ಣಿನಲ್ಲಿ ಹಲ್ಲಣ್ಣ ಅವರದ್ದರ ಮೇಲೆ ಇವರ ಗುರುತು, ಇವರದ್ದರ ಮೇಲೆ ಅವರ ಗುರುತು ಬರೆದ. ಸೆಟ್ಟು ತಯಾರಾಗಿ, ಮೇಷ್ಟ್ರು ಕುರ್ಚಿಯಲ್ಲಿ ಕೂತು ಬಾಯಿ ತೆರೆದಾಗ ಅದು ಒಳಗೆ ಹೋಗಲೇ ಇಲ್ಲ. ಎರಡೂ ಸೆಟ್ಟು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಹಾಳಾದ ಸಾಮಾನಿನ ಹಣ ಅವನ ಲೆಕ್ಕಕ್ಕೇ ಬಂತು.

ಡಾಕ್ಟರಮ್ಮ ಕೂಗಾಡುವವರಲ್ಲ. ಬಾಗಿಲಲ್ಲಿ ನಿಂತು, "ಇದು ನಿಮ್ಮ ಕೈಯಲ್ಲಿ ಆಗೋ ತಪ್ಪಲ್ಲ. ಮನೇಲಿ ಎಲ್ಲಾ ಸರಿ ಇದೆಯಾ?" ಎಂದರು.

"ಇದೆ ಮೇಡಂ. ನಿದ್ದೆ ಸ್ವಲ್ಪ ಕಡಿಮೆ."

"ನಿದ್ದೆ ನಾನು ಕೊಡೋಕಾಗಲ್ಲ. ಇನ್ನೊಂದ್ಸಲ ಹೀಗಾದ್ರೆ ಕೆಲಸ ಹೊರಗಿನವರಿಗೆ ಕೊಡ್ಬೇಕಾಗುತ್ತೆ."

ಆ ತಿಂಗಳ ಕಂತಿಗೆ ಹಣ ಸಾಲಲಿಲ್ಲ. ಅದೇ ತಿಂಗಳು ಮಗನಿಗೆ ಜ್ವರ ಬಂದು ಬಿಡದೆ ಕಾಡಿತು. ಹೆಂಡತಿ ತನ್ನ ಹಳೆಯ ಅಂಗಡಿ ಮಾಲೀಕರ ಹತ್ತಿರ ಹೋಗಿ ಸಾಲ ತಂದಳು. ಮುಂದಿನ ಭಾನುವಾರ ಮಧ್ಯಾಹ್ನ, ಮಕ್ಕಳು ಚಾಪೆಯ ಮೇಲೆ ಅಡ್ಡಾದಿಡ್ಡಿ ಮಲಗಿದ್ದಾಗ, ಬಾಲ್ಕನಿಯಲ್ಲಿ ಕೂತಿದ್ದ ಗಂಡನ ಹತ್ತಿರ ಬಂದಳು.

"ರೀ, ಒಂದು ಮಾತು ಹೇಳ್ತೀನಿ, ಸಿಟ್ಟಾಗ್ಬೇಡಿ."

"ಸಿಟ್ಟಾಗೋಕೂ ತ್ರಾಣ ಬೇಕಲ್ಲ. ಹೇಳು."

"ಈ ಮನೆ ಮಾರಿಬಿಡೋಣ."

ಅವನು ನೀರಿನ ಟ್ಯಾಂಕು ನೋಡುತ್ತಾ ಕೂತ.

"ನಾನು ಸುಮ್ನೆ ಹೇಳ್ತಾ ಇಲ್ಲ," ಎಂದಳು ಅವಳು. "ಕ್ಲಿನಿಕ್ ಹತ್ರ ಬಾಡಿಗೆ ಎಷ್ಟಿದೆ ಅಂತ ವಿಚಾರಿಸಿದೀನಿ. ಚಿಕ್ಕ ಮನೆ ಆದ್ರೆ ಈಗ ಕಟ್ಟೋ ಕಂತಿನಲ್ಲಿ ಅರ್ಧ. ನೀವು ನಡ್ಕೊಂಡೇ ಹೋಗ್ಬಹುದು. ಅಂಗಡಿಯವರು ನಂಗೆ ಬೆಳಗ್ಗೆ ಹೊತ್ತು ಬಾ ಅಂದಿದಾರೆ, ಪುಟ್ಟಿ ಶಾಲೆ ಬಿಡೋಷ್ಟರಲ್ಲಿ ವಾಪಸ್ ಬರ್ಬಹುದು. ಗುಂಡನ್ನ ಅರ್ಧ ದಿನ ಬಿಟ್ರೆ ಸಾಕು. ಮಾರೋದಾದ್ರೆ ರಜದಲ್ಲೇ ಮಾರ್ಬೇಕು. ಶಾಲೆ ಶುರುವಾದ್ಮೇಲೆ ಹೋದ್ರೆ ಇಲ್ಲೂ ಫೀಸು, ಅಲ್ಲೂ ಫೀಸು."

"ಜನ ಏನಂತಾರೆ?"

"ಜನ ಬಂದು ಕಂತು ಕಟ್ತಾರಾ?"

ಅವನು ಕೆಲವು ದಿನ ಅವಳ ಮಾತಿನಲ್ಲಿ ಎಲ್ಲಾದರೂ ತಪ್ಪು ಸಿಕ್ಕೀತೇ ಎಂದು ಬಸ್ಸಿನಲ್ಲಿ ಕೂತು ಹುಡುಕಿದ. ಸಿಗಲಿಲ್ಲ. ಸ್ವಂತ ಮನೆ ಎಂಬ ಎರಡು ಮಾತನ್ನು ಬಾಯಿಯಿಂದ ಬಿಡುವುದಷ್ಟೇ ಕಷ್ಟವಾಗಿತ್ತು. ಕ್ಲಿನಿಕ್ಕಿನಲ್ಲಿ, ಬಸ್ ಸ್ಟಾಪಿನಲ್ಲಿ, ಮದುವೆ ಮನೆಗಳಲ್ಲಿ ಎಷ್ಟು ಸಲ ಹೇಳಿಕೊಂಡಿದ್ದನೋ.

ಅಕ್ಕನ ಮನೆಗೆ ಹೋಗಿ ವಿಷಯ ತಿಳಿಸಿದ. ಭಾವ ನೀರು ಸರಬರಾಜು ಕಚೇರಿಯಲ್ಲಿ ಕೆಲಸ ಮಾಡುವವರು. ನಲ್ಲಿಯಲ್ಲಿ ನೀರು ಹೊತ್ತು ನೋಡಿ ಬರುತ್ತಿತ್ತು, ಅವರ ಸಲಹೆಗೆ ಮಾತ್ರ ಹೊತ್ತುಗೊತ್ತು ಇರಲಿಲ್ಲ.

"ತಲೆ ಸರಿ ಇದೆಯೇನಪ್ಪಾ ನಿಂಗೆ?" ಎಂದರು ಅವರು. "ಬಾಡಿಗೆ ಕಟ್ಟೋದು ಅಂದ್ರೆ ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ. ಇವತ್ತು ಮಾರಿದ್ರೆ ನಾಳೆ ಆ ರೇಟಿಗೆ ಬಾಗಿಲೂ ಸಿಗಲ್ಲ."

"ಕಂತು ಕಟ್ಟಿ ಕಟ್ಟಿ ನಾವೇ ಹುಣಸೆಹಣ್ಣಾಗಿದೀವಿ ಭಾವ."

"ಒಂದೈದು ವರ್ಷ ಹಲ್ಲು ಕಚ್ಕೊಂಡಿರು."

"ಹಲ್ಲಿನ ಕಸುಬಿನವನಿಗೇ ಹಲ್ಲು ಕಚ್ಚೋಕೆ ಹೇಳ್ತೀರಲ್ಲ," ಎಂದ ಹಲ್ಲಣ್ಣ. ಅಕ್ಕ ನಕ್ಕಳು.

ಅಮ್ಮ ಮೂಲೆಯಲ್ಲಿ ದಿಂಬಿನ ಚೀಲಕ್ಕೆ ಹೊಲಿಗೆ ಹಾಕುತ್ತಿದ್ದಳು. ಅವಳು ಅಳುತ್ತಾಳೆ, ಇಲ್ಲವೇ ಬೇಡ ಎನ್ನುತ್ತಾಳೆ ಎಂದುಕೊಂಡೇ ಅವನು ಬಂದಿದ್ದ. ಅವಳು ದಾರ ಕಡಿದು, ಸೂಜಿಯನ್ನು ಬಟ್ಟೆಗೆ ಸಿಕ್ಕಿಸಿ, "ಮಾರೋದಾದ್ರೆ ಮಾರು. ನನ್ನ ದುಡ್ಡು ನಂಗೆ ಕೊಟ್ಬಿಡು" ಎಂದಳು.

ಅಕ್ಕ ತಾಯಿಯ ಪಕ್ಕಕ್ಕೆ ಸರಿದು, "ಅಮ್ಮಾ, ಅವನ ಕಷ್ಟ ನೋಡು..." ಎಂದಳು.

"ಅವನ ಕಷ್ಟ ನಂಗೆ ಗೊತ್ತಮ್ಮ. ಅವನು ನನ್ನ ಹೊಟ್ಟೇಲಿ ಹುಟ್ಟಿದೋನು. ಆದ್ರೆ ನಂಗೆ ಚಪ್ಪಲಿ ಕಿತ್ತೋದ್ರೂ ಅಳಿಯಂದಿರ ಮುಖ ನೋಡ್ಬೇಕು. ಕೊಟ್ಟಾಗ ಗೊತ್ತಾಗ್ಲಿಲ್ಲ, ಆಮೇಲೆ ಗೊತ್ತಾಯ್ತು. ಗೋಡೆಗೆ ಹಾಕಿದ ದುಡ್ಡನ್ನ ಹೇಗೆ ಕೇಳೋದು ಅಂತ ಸುಮ್ನಿದ್ದೆ. ಈಗ ಗೋಡೆ ಹೋಗಿ ದುಡ್ಡು ಬರ್ತಾ ಇದೆಯಲ್ಲ, ಕೇಳ್ತಾ ಇದೀನಿ."

ಭಾವನ ಮುಖ ಸಣ್ಣದಾಯಿತು. "ನಾನೇನು ಕಡಿಮೆ ಮಾಡಿದೀನಿ ಅತ್ತೆ?" ಎಂದರು.

"ಏನೂ ಕಡಿಮೆ ಮಾಡಿಲ್ಲಪ್ಪ. ಅದಕ್ಕೇ ಪ್ರತಿಯೊಂದಕ್ಕೂ ನಿಮ್ಮನ್ನ ಕೇಳೋಕೆ ನಾಚ್ಕೆ."

ಹಲ್ಲಣ್ಣ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ಮಾಡಿಕೊಂಡಿದ್ದ ಲೆಕ್ಕದಲ್ಲಿ ಅತ್ತೆಯ ಹಣ ಅತ್ತೆಗೆ ಹೋಗುವುದು ಇರಲಿಲ್ಲ. ಆ ಹಣ ಬ್ಯಾಂಕಿನಲ್ಲಿದ್ದರೆ ಅರ್ಧ ವರ್ಷ ಏನೇ ಬಂದರೂ ತಡೆದುಕೊಳ್ಳಬಹುದು ಎಂದುಕೊಂಡಿದ್ದಳು. ಅಡುಗೆಮನೆಯ ಕಟ್ಟೆಗೆ ಒರಗಿ ಬೆರಳು ಮಡಚಿ ಮತ್ತೆ ಲೆಕ್ಕ ಹಾಕಿದಳು.

"ಅತ್ತೆ ಕೇಳಿದ್ದು ಸರಿಯಾಗಿದೆ," ಎಂದಳು ಕೊನೆಗೆ. "ನಾನಾಗಿದ್ರೂ ಕೇಳ್ತಿದ್ದೆ. ಸೋಫಾ ಮಾರೋಣ. ಎರಡು ಕೋಣೆ ಮನೆ ಬೇಡ, ಒಂದೂವರೆ ನೋಡೋಣ."

"ಒಂದೂವರೆ ಕೋಣೆ ಅಂದ್ರೇನೇ?"

"ಇನ್ನೊಂದರಲ್ಲಿ ಮಂಚ ಹಿಡಿಸ್ಬಾರ್ದು, ಮಕ್ಕಳು ಹಿಡಿಸ್ಬೇಕು."

ಮನೆ ನೋಡಲು ಜನ ಬರತೊಡಗಿದರು. ಬಂದವರೆಲ್ಲ ಕೊಳಾಯಿ ತಿರುಗಿಸಿ, ಗೋಡೆ ತಟ್ಟಿ, ಯೋಚನೆ ಮಾಡಿ ಹೇಳುತ್ತೇವೆ ಎಂದು ಹೋಗುತ್ತಿದ್ದರು. ಕೊನೆಗೆ ಹೊಸದಾಗಿ ಮದುವೆಯಾದ ಜೋಡಿಯೊಂದು ಬಂತು. ಅವರಿಬ್ಬರೂ ಬಾಲ್ಕನಿಗೆ ಹೋಗಿ ಮೊಣಕೈ ಊರಿ ನಿಂತ ರೀತಿ ನೋಡಿಯೇ ಹಲ್ಲಣ್ಣನಿಗೆ ಮನೆ ಹೋಯಿತು ಎಂದು ತಿಳಿಯಿತು. ಅಷ್ಟರಲ್ಲಿ ಪುಟ್ಟಿ ಅವರ ಬೆನ್ನು ಹತ್ತಿದಳು.

"ಆಂಟಿ, ಬೇಸಿಗೇಲಿ ಇಲ್ಲಿ ನೀರು ಬರಲ್ಲ. ಅಮ್ಮ ಬಕೆಟ್ ತರ್ತಾರೆ. ಆ ಮೂಲೇಲಿ ಗೋಡೆ ಒದ್ದೆ ಆಗುತ್ತೆ, ಅದಕ್ಕೇ ಕ್ಯಾಲೆಂಡರ್ ಹಾಕಿರೋದು."

ಹೆಂಡತಿ ಮಗಳನ್ನು ಎತ್ತಿಕೊಂಡು ಒಳಗೆ ಹೋದಳು. ಕೊಳ್ಳಲು ಬಂದ ಹುಡುಗ ಕ್ಯಾಲೆಂಡರ್ ಸರಿಸಿ ನೋಡಿದ. ಆ ಒದ್ದೆ ಗೋಡೆಯ ಸಲುವಾಗಿ ಬೆಲೆ ಸ್ವಲ್ಪ ಇಳಿಸಬೇಕಾಯಿತು. ಮಗಳಿಗೆ ಬೈಯಲೂ ಆಗಲಿಲ್ಲ. ಸುಳ್ಳು ಹೇಳಬಾರದು ಎಂದು ಕಲಿಸಿದ್ದು ತಾವೇ ತಾನೆ?

ಮೊದಲು ಬ್ಯಾಂಕಿನವರು ತಮ್ಮದನ್ನು ತೆಗೆದುಕೊಂಡರು. ಆಮೇಲೆ ಅಮ್ಮನ ಹಣ. ಹಲ್ಲಣ್ಣನೇ ಅವಳನ್ನು ಅಂಚೆ ಕಚೇರಿಗೆ ಕರೆದುಕೊಂಡು ಹೋಗಿ ಅವಳ ಹೆಸರಿನಲ್ಲಿ ಇಡಿಸಿದ. ಅವಳು ಪಾಸ್‌ಬುಕ್ಕನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಹೋಗುವ ದಾರಿಯಲ್ಲಿ, ಸ್ವಲ್ಪವಾದರೂ ನೀನೇ ಇಟ್ಟುಕೋ ಎನ್ನುತ್ತಾಳೇನೋ ಎಂದು ಅವನ ಮನಸ್ಸು ಒಂದು ಗಳಿಗೆ ಆಸೆಪಟ್ಟಿತ್ತು. ಅವಳು ಬಿಸಿಲು ಜಾಸ್ತಿ ಎಂದಿದ್ದಳು, ಅಷ್ಟೆ.

ಅಂಗಡಿಯವರ ಸಾಲ ತೀರಿಸಿದರು. ಉಳಿದದ್ದರಲ್ಲಿ ಹೊಸ ಮನೆಯ ಅಡ್ವಾನ್ಸು, ಶಾಲೆಯ ಸೇರ್ಪಡೆ ಫೀಸು, ಲಾರಿ ಬಾಡಿಗೆ ಎಲ್ಲ ತೆಗೆದಿಟ್ಟು ಮಿಕ್ಕ ಒಂದು ಸಣ್ಣ ಮೊತ್ತವನ್ನು ಹೆಂಡತಿ ಬೇರೆ ಖಾತೆಗೆ ಹಾಕಿಸಿದಳು. "ಇದು ಜ್ವರದ ದುಡ್ಡು. ಜ್ವರ ಬಂದ್ರೆ ಮಾತ್ರ ಮುಟ್ಬೇಕು. ಮದುವೆ, ಮುಂಜಿ, ನಿಮ್ಮ ಭಾವ, ಯಾರಿಗೂ ಇಲ್ಲ," ಎಂದಳು.

ಬಾಡಿಗೆ ಮನೆ ಹುಡುಕುವುದೂ ಸುಲಭವಾಗಲಿಲ್ಲ. ಗಾಳಿ ಬೆಳಕು ಚೆನ್ನಾಗಿದ್ದ ಮನೆಯವರು ಸಣ್ಣ ಮಕ್ಕಳಿದ್ದರೆ ಬೇಡ ಎಂದರು. ಮಕ್ಕಳು ಪರವಾಗಿಲ್ಲ ಎಂದವರ ಮನೆ ಚರಂಡಿಗೆ ಅಂಟಿಕೊಂಡಿತ್ತು. ಕೊನೆಗೆ ಕ್ಲಿನಿಕ್ಕಿನ ಹಿಂದಿನ ಬೀದಿಯಲ್ಲಿ ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮನೆ ಸಿಕ್ಕಿತು. ದೊಡ್ಡ ಕಿಟಕಿ ತೆರೆದರೆ ಎದುರಿಗೆ ಗೋಡೆ. ಸೈಕಲ್ ಅಂಗಡಿಯವನೇ ಮಾಲೀಕ. "ಮಕ್ಕಳು ಗಲಾಟೆ ಮಾಡ್ಲಿ ಬಿಡಿ. ಬೆಳಗಿಂದ ಸುತ್ತಿಗೆ ಬಡಿಯೋನು ನಾನು, ಯಾರಿಗೆ ಹೇಳ್ಲಿ?" ಎಂದ.

ಲಾರಿಯವನು ಭಾನುವಾರಕ್ಕೆ ಹೆಚ್ಚು ಕೇಳಿದ್ದರಿಂದ ಮಂಗಳವಾರ ಸಾಮಾನು ಸಾಗಿಸಿದರು. ಬೈದುಕೊಂಡೇ ಭಾವ ರಜ ಹಾಕಿ ಬಂದರು. ಬೈದುಕೊಂಡೇ ಮಂಚ ಹೊತ್ತರು, ಬೈದುಕೊಂಡೇ ಪಾತ್ರೆಯ ಮೂಟೆ ಇಳಿಸಿದರು. ಗುಂಡ ದಿನವಿಡೀ ಬಾಳೆಹಣ್ಣು ಬಿಟ್ಟು ಬೇರೇನೂ ಬಾಯಿಗೆ ಹಾಕಲಿಲ್ಲ. ಹೊಸ ಮನೆಯ ಮೆಟ್ಟಿಲಿನ ತಿರುವಿನಲ್ಲಿ ಹೆಂಡತಿಯ ಬೀರು ಸಿಕ್ಕಿಕೊಂಡಿತು. ಮದುವೆಯಲ್ಲಿ ಅವಳ ಅಪ್ಪ ಮಾಡಿಸಿಕೊಟ್ಟ ಮರದ ಬೀರು ಅದು. ನೆಟ್ಟಗೆ ಮಾಡಿದರು, ಮಲಗಿಸಿದರು, ಬಾಗಿಲು ಕಳಚಿದರು. ಅದು ಹೋಗಲಿಲ್ಲ.

"ಇದನ್ನ ಇಲ್ಲೇ ಮಾರಿಬಿಡಿ ಅಕ್ಕಾ, ನಾನೇ ತಗೋತೀನಿ," ಎಂದು ಲಾರಿಯವನು ಒಂದು ಬೆಲೆ ಹೇಳಿದ. ಸೌದೆಯ ಬೆಲೆ.

ಮನೆ ಮಾರಿದಾಗ ಕಣ್ಣು ಒದ್ದೆ ಮಾಡಿಕೊಳ್ಳದವಳು ಮೆಟ್ಟಿಲ ಮೇಲೆ ಕೂತು ಅತ್ತಳು. ಹಲ್ಲಣ್ಣ ಬೀರುವಿನ ಕಳಚಿದ ಬಾಗಿಲು ಹಿಡಿದುಕೊಂಡು ನಿಂತ. ಪಕ್ಕದಲ್ಲಿ ಪುಟ್ಟಿ, "ಅಮ್ಮ ಬಿದ್ಲಾ?" ಎಂದು ಕೇಳುತ್ತಿದ್ದಳು.

ಭಾವ ಲಾರಿಯವನ ಕಡೆ ತಿರುಗಿ, "ಮತ್ತೆ ಏರಿಸು. ನಮ್ಮನೆಗೆ ಹೊಡಿ. ಬಾಡಿಗೆ ನಾನು ಕೊಡ್ತೀನಿ," ಎಂದರು. ಹಲ್ಲಣ್ಣನ ಹೆಂಡತಿಯ ಕಡೆ ನೋಡದೆ, "ನಮ್ಮ ಹಜಾರದಲ್ಲಿ ಇರುತ್ತಮ್ಮ. ಬೇಕಾದಾಗ ತರಿಸ್ಕೋ. ಅದನ್ನೂ ಮಾರೋದು ಬೇಡ," ಎಂದರು.

ಮೊದಲ ತಿಂಗಳು ಹಣ ನೀರಿನ ಹಾಗೆ ಹೋಯಿತು. ಪರದೆಯ ಕಂಬಿ, ಸೋರುವ ನಲ್ಲಿಗೆ ವಾಷರ್ರು, ಗ್ಯಾಸ್ ಬದಲಾಯಿಸಿದ್ದು, ಬಟ್ಟೆ ಒಣಗಿಸಲು ಹಗ್ಗ, ಹೊಸ ಶಾಲೆಯವರು ಹೇಳಿದ ಬೇರೆ ಬಣ್ಣದ ಬೂಟು. ಎಲ್ಲವೂ ಚಿಲ್ಲರೆ ಖರ್ಚುಗಳೇ. ಮುಂಚೆ ಯಾವುದೂ ನೆನಪಾಗಿರಲಿಲ್ಲ. ಯೂನಿಫಾರ್ಮು ಮಾತ್ರ ಹೆಂಡತಿಯ ಅಂಗಡಿಯಲ್ಲಿ ಸ್ವಲ್ಪ ಕಡಿಮೆಗೆ ಸಿಕ್ಕಿತು. ಗುಂಡನಿಗೆ ಹಳೆಯ ಸುಣ್ಣದ ಧೂಳಿಗೆ ಕೆಮ್ಮು ಬಂತು. ಇದನ್ನು ಜ್ವರ ಎನ್ನಬಹುದೇ ಬೇಡವೇ ಎಂದು ಗಂಡ ಹೆಂಡತಿ ಚರ್ಚೆ ಮಾಡಿದರು. ಅನ್ನಬಹುದು ಎಂದು ತೀರ್ಮಾನವಾಯಿತು.

ಪುಟ್ಟಿಯದ್ದು ಎಲ್ಲಕ್ಕಿಂತ ಕಷ್ಟ. ದಿನಾ ಸಂಜೆ, "ನಮ್ಮನೆಗೆ ಯಾವಾಗ ಹೋಗೋದು?" ಎನ್ನುತ್ತಿದ್ದಳು. ಇದೇ ನಮ್ಮನೆ ಎಂದರೆ, "ಇದು ಸೈಕಲ್ ಅಂಕಲ್ ಮನೆ" ಎನ್ನುತ್ತಿದ್ದಳು. ಅದು ನಿಜವೂ ಹೌದು. ಒಂದು ಸಂಜೆ ಶಾಲೆಯ ಚೀಲಕ್ಕೆ ಒಂದು ಫ್ರಾಕು, ಒಂದು ಬೊಂಬೆ ತುಂಬಿಕೊಂಡು ಮೆಟ್ಟಿಲಿಳಿದು ಅಂಗಡಿಯ ಮುಂದೆ ನಿಂತಳು. ಕೆಲಸ ಮುಗಿಸಿ ಬಂದ ಹಲ್ಲಣ್ಣ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತ.

"ಎಲ್ಲಿಗೆ ಹೊರಟೆ?"

"ನಮ್ಮನೆಗೆ."

"ಅಲ್ಲಿ ಈಗ ಬೇರೆಯವರಿದಾರೆ ಪುಟ್ಟಿ. ನೀನೇ ಅವರಿಗೆ ತೋರಿಸಿದ್ಯಲ್ಲ."

ಅವಳು ಯೋಚಿಸಿದಳು. "ನಾನು ಒದ್ದೆ ಗೋಡೆ ಹೇಳಿದ್ದಕ್ಕೆ ಕೊಟ್ಬಿಟ್ರಾ?"

"ಇಲ್ಲಮ್ಮ. ನಾವು ತುಂಬ ಸುಸ್ತಾಗಿದ್ವಿ. ಅದಕ್ಕೆ."

ಅವನು ಚೀಲದಿಂದ ಹೊರಬಂದಿದ್ದ ಬೊಂಬೆಯ ಕಾಲನ್ನು ಒಳಗೆ ತಳ್ಳಿದ. ಅವಳು ಚೀಲ ಅವನ ಕೈಗೆ ಕೊಟ್ಟು, ಎತ್ತಿಕೋ ಎಂದು ಕೈ ಚಾಚಿದಳು. ಆಮೇಲೂ ಕೆಲವು ವಾರ ಕೇಳುತ್ತಲೇ ಇದ್ದಳು. ಯಾವಾಗ ನಿಲ್ಲಿಸಿದಳು ಎಂದು ಯಾರೂ ಗಮನಿಸಲಿಲ್ಲ.

ದಣಿವು ಹೋಗಲಿಲ್ಲ. ಹಲ್ಲಣ್ಣ ಒಂದು ಕ್ಲಿನಿಕ್ಕಿನ ಕೆಲಸ ಬಿಟ್ಟ, ಇನ್ನೊಂದನ್ನು ಇಟ್ಟುಕೊಂಡ. ಆದರೆ ಮಧ್ಯಾಹ್ನ ಬೇಬಿ ಸಿಟ್ಟಿಂಗಿನಿಂದ ಗುಂಡನನ್ನು ಕರೆದುಕೊಂಡು ಊಟಕ್ಕೆ ಮನೆಗೆ ಬರತೊಡಗಿದ. ಉಂಡು ನೆಲದ ಮೇಲೆ ಕಾಲು ಚಾಚಿದರೆ ಗುಂಡ ಬಂದು ಹೊಟ್ಟೆಯ ಮೇಲೆ ಕೂರುತ್ತಿದ್ದ. ಕೆಳಗೆ ಸುತ್ತಿಗೆಯ ಸದ್ದು. ಆ ಸದ್ದಿನಲ್ಲೇ ಅಪ್ಪ ಮಗ ಇಬ್ಬರಿಗೂ ಜೊಂಪು ಹತ್ತುತ್ತಿತ್ತು. ಹೆಂಡತಿ ಅಂಗಡಿಯಿಂದ ಬಂದು, ಅವನ ಕಾಲನ್ನು ಮೆಲ್ಲಗೆ ತಟ್ಟಿ ಎಬ್ಬಿಸುತ್ತಿದ್ದಳು. ತಿಂಗಳ ಕೊನೆಗೆ ಕೆಲವು ಸಲ ಏನಾದರೂ ಉಳಿಯುತ್ತಿತ್ತು, ಕೆಲವು ಸಲ ಇಲ್ಲ. ಸಾಲ ಮಾತ್ರ ಮಾಡಲಿಲ್ಲ.

ಮರುವರ್ಷ ಒಂದು ಭಾನುವಾರ ಭಾವ ಬಂದರು. ಚಹಾ ಕೈಗೆ ಬರುವ ತನಕ ತಡೆದುಕೊಂಡಿದ್ದು ಆಮೇಲೆ ಹೇಳಿದರು. ಹಳೆಯ ಮನೆಯ ಹತ್ತಿರ ದೊಡ್ಡ ರಸ್ತೆ ಬರುತ್ತಿದೆಯಂತೆ. ಆ ಕಟ್ಟಡದಲ್ಲಿ ಮೊನ್ನೆ ಒಂದು ಮನೆ ಮಾರಾಟವಾಯಿತಂತೆ. ಬೆಲೆ ಹೇಳಿದರು. ಹೇಳಿದ ಮೇಲೆ, ಹೇಳಬಾರದಿತ್ತು ಅನ್ನಿಸಿತೋ ಏನೋ, ಲೋಟದೊಳಗೆ ನೋಡಿದರು.

"ಹೌದಾ," ಎಂದ ಹಲ್ಲಣ್ಣ. "ನಷ್ಟ ಆಯ್ತು ಹಾಗಾದ್ರೆ."

"ನಾನು ಅವತ್ತೇ ಹೇಳಿದ್ದೆ."

"ಹೇಳಿದ್ರಿ ಭಾವ."

ಭಾವ ಹೋದ ಮೇಲೆ ಗಂಡ ಹೆಂಡತಿ ಹಗ್ಗದ ಮೇಲಿನ ಬಟ್ಟೆ ಎಳೆದು ಮಂಚದ ಮೇಲೆ ರಾಶಿ ಹಾಕಿಕೊಂಡರು. ಮಡಚುತ್ತಾ ಅವಳು ಕೇಳಿದಳು, "ಬೇಜಾರಾಯ್ತಾ?"

"ಆಯ್ತು."

"ನಂಗೂ ಆಯ್ತು."

ಅವಳು ದೊಡ್ಡ ಹೊದಿಕೆಯ ಎರಡು ತುದಿ ಹಿಡಿದು ಕೊಡವಿದಳು. ಅವನು ಎದ್ದು ಇನ್ನೆರಡು ತುದಿ ಹಿಡಿದುಕೊಂಡ.